ತುಳಸಿದಳಕ್ಕೆ 75, ತುಳಸಿಗೆ 40

ಕಳೆದ ದೀಪಾವಳಿಗೆ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಸೇಡಂನ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಯಂಡಮೂರಿ ವೀರೇಂದ್ರನಾಥರ ಭಯದ ಕಾದಂಬರಿಗಳಿಗೆ ಸ್ಥಾನ ಹಂಚತೊಡಗಿದ. ಅವನ ಲೆಕ್ಕದಲ್ಲಿ ‘ತುಳಸಿ’ ಪ್ರಥಮ, ‘ತುಳಸಿದಳ’ ದ್ವಿತೀಯ. “ತುಳಸಿಯೊಳಗ ಹೆದರಿಕಿ ಜಾಸ್ತಿ ಅದರಿ ಸರ. ತುಳಸಿದಳದಾಗ ಕಡೀಕ ಏನಾತು ಅಂತ ಖರೇ ಹೇಳೂದೇ ಇಲ್ಲ” ಎಂಬುದು ಅವನ ತರ್ಕ. ಅಂದು ಚಹಾ ಕುಡಿಸಿ ಕಳುಹಿಸಿದೆ. ಆದರೆ ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದವನು ಇಂಥ ಮೌಲ್ಯಮಾಪನವನ್ನು ಹಾಗೆಯೇ ಬಿಡಲಾರೆ.

ಯಂಡಮೂರಿಯವರನ್ನು ಹೀಗಳೆಯಲು ಹೊರಟಿದ್ದೇನೆಂದು ಯಾರೂ ಭಾವಿಸಬೇಕಾಗಿಲ್ಲ. ಎಂಬತ್ತರ ದಶಕದಲ್ಲಿ ಶಹಾಬಾದಿನಲ್ಲಿ ನೌಕರಿಯಲ್ಲಿದ್ದಾಗ ಪ್ರತಿ ಶನಿವಾರ ವಾಡಿಯಲ್ಲಿ ಗಾಡಿ ಬದಲಿಸಿ ಊರಿಗೆ ಬರುತ್ತಿದ್ದೆ. ಹಾಗೊಂದು ಶನಿವಾರ ‘ತುಳಸಿದಳ’ ಕೈಯಲ್ಲಿತ್ತು. ಚಿತ್ತಾಪುರ ದಾಟಿದ್ದು ನೆನಪಿದೆ, ಸೇಡಂ ಬಂದದ್ದು ತಿಳಿಯಲಿಲ್ಲ. ತಲೆ ಎತ್ತಿದಾಗ ತಾಂಡೂರು! ಆ ರಾತ್ರಿಯನ್ನು ನಿಲ್ದಾಣದ ಬೆಂಚಿನ ಮೇಲೆ, ಹಿಂದೆ ಯಾರೋ ನಿಂತಂತಾಗಿ ಬೆವರುತ್ತ ಕಳೆದೆ. ಪುಸ್ತಕವನ್ನು ಮುಗಿಸಿದ್ದೂ ಅಲ್ಲಿಯೇ.

ಆಸ್ತಿಯ ಆಸೆಗಾಗಿ ತುಳಸಿಯೆಂಬ ಮಗುವಿನ ಮೇಲೆ ಕಾಷ್ಮೋರ ಪ್ರಯೋಗ ನಡೆಯುತ್ತದೆ. ಒಂದೆಡೆ ವೈದ್ಯರು, ಇನ್ನೊಂದೆಡೆ ಸಮ್ಮೋಹನ ಬಲ್ಲವರು, ಮತ್ತೊಂದೆಡೆ ಮಾಂತ್ರಿಕನನ್ನೇ ಹುಡುಕಿ ಹೊರಟವರು. ಮಗು ಉಳಿಯುತ್ತದೆ. ಉಳಿಸಿದ್ದು ಯಾವುದು? ಲೇಖಕರು ತಕ್ಕಡಿಯನ್ನು ಓದುಗನ ಕೈಗೇ ಕೊಟ್ಟುಬಿಡುತ್ತಾರೆ. ನನ್ನ ಶಿಷ್ಯ ದೋಷವೆಂದು ಅಂಕ ಕಳೆದದ್ದು ಇದಕ್ಕೇ. ನಾನು ಪೂರ್ಣ ಅಂಕ ಕೊಡುವುದೂ ಇದಕ್ಕೇ. ಎರಡನೆಯ ಸಲ ಓದುವಾಗ ಪ್ರತಿಯೊಂದು ಘಟನೆಯನ್ನೂ ಎರಡು ಕಣ್ಣುಗಳಿಂದ ನೋಡಬೇಕಾಗುತ್ತದೆ, ಆಗ ಭಯ ಕಡಮೆಯಾಗುವುದಿಲ್ಲ, ಆಳವಾಗುತ್ತದೆ. ಅದರ ಮುಂದುವರಿಕೆಯಾದ ‘ತುಳಸಿ’ಯಲ್ಲಿ ಆ ತಕ್ಕಡಿ ಮುರಿದುಬಿದ್ದಿದೆ. ಅಲ್ಲಿ ಕಾಷ್ಮೋರ ಇದೆ, ಎದ್ದು ಬರುತ್ತದೆ, ಮುಗಿಯಿತು. ಮೊದಲ ಓದಿಗೆ ಎದೆ ನಡುಗುತ್ತದೆ, ಒಪ್ಪುತ್ತೇನೆ. ಎರಡನೆಯ ಓದಿಗೆ ಏನೂ ಉಳಿಯುವುದಿಲ್ಲ. (‘ಅಷ್ಟಾವಕ್ರ’ವನ್ನು ಒಮ್ಮೆ ಮಾತ್ರ ಓದಿದ್ದೇನೆ; ಮತ್ತೆ ಕೈಗೆತ್ತಿಕೊಳ್ಳಬೇಕೆಂದು ಅನ್ನಿಸಲಿಲ್ಲ.)

“ಕತಿ ಅಂದ್ರ ಕತಿರಿ ಸರ, ಹೆದರಿಸಿದ್ರ ಸಾಕಲ್ಲ?” ಎನ್ನುವಿರಿ. ಬೇರೆ ಸೀಮೆಯವರು ಹಾಗೆನ್ನಲಿ. ಭಾನಾಮತಿಯ ಹೆಸರು ಕೇಳಿ ಬೆಳೆದ ನಾವು ಅಷ್ಟು ಹಗುರವಾಗಿ ಹೇಳಲಾಗದು.

ಚಿಂಚೋಳಿ ತಾಲ್ಲೂಕಿನ ಒಂದು ಹಳ್ಳಿಗೆ ನನಗೆ ವರ್ಗವಾಗಿತ್ತು. ಊರಿನ ಹೆಸರು ಬೇಡ. ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪಾಠದ ನಡುವೆಯೇ ಸೆಟೆದು ಬಿದ್ದು ನಾಯಿಯಂತೆ ಬೊಗಳತೊಡಗಿದಳು. ವಾರದೊಳಗೆ ಇನ್ನಿಬ್ಬರು ಹಾಗೆಯೇ ಮಾಡಿದರು. ಊರು ನಿರ್ಧರಿಸಿತು: ಭಾನಾಮತಿ. ಮಾಡಿದವಳು ಯಾರೆಂಬುದನ್ನೂ ನಿರ್ಧರಿಸಿತು: ಊರ ಅಂಚಿನಲ್ಲಿ ಒಬ್ಬಳೇ ಇದ್ದ ಮುದುಕಿ, ವಿಧವೆ. ನಾನು ತಿಳಿಹೇಳಲು ಹೋದಾಗ ಗುಂಪಿನಲ್ಲಿದ್ದ ತರುಣನೊಬ್ಬ, “ನೀವೇ ಓದಾಕ ಕೊಟ್ಟ ಬುಕ್ಕಿನ್ಯಾಗ ಬರ್ದಾರಲ್ರಿ ಸರ, ಎಲ್ಲಾ ಖರೇ ಅಂತ” ಎಂದ. ನಾನು ಅವನಿಗೆ ಕೊಟ್ಟಿದ್ದುದು ‘ತುಳಸಿ’. ನನ್ನ ಬಾಯಿ ಕಟ್ಟಿತು.

ಹುಡುಗಿಯನ್ನು ಗುಲ್ಬರ್ಗದ ವೈದ್ಯರಲ್ಲಿಗೆ ಕರೆದೊಯ್ದೆವು. ಅವರು ಕೆಲವು ದಿನ ಅವಳೊಡನೆ ಮಾತನಾಡಿದ ಮೇಲೆ ಹೊರಬಂದದ್ದು, ಬೇಡವೆಂದು ಹೇಳಲಾಗದ ಒಂದು ಮದುವೆಯ ನಿಶ್ಚಯ. ಅವಳು ಗುಣವಾದಳು, ಉಳಿದಿಬ್ಬರೂ ಸುಮ್ಮನಾದರು. ಮುದುಕಿ ಮಾತ್ರ ಅಷ್ಟರೊಳಗೆ ರಾತ್ರೋರಾತ್ರಿ ಮಗಳ ಊರಿಗೆ ಹೋಗಿಬಿಟ್ಟಿದ್ದಳು, ತಿರುಗಿ ಬರಲಿಲ್ಲ. ಅವಳ ಮನೆಯ ಫರ್ಸಿ ಕಲ್ಲುಗಳನ್ನು ಜನ ಒಂದೊಂದಾಗಿ ಹೊತ್ತೊಯ್ದರು. ಮನೆಗೆ ಹೆದರಿದವರು ಕಲ್ಲಿಗೆ ಹೆದರಲಿಲ್ಲ ನೋಡಿ!

ಹಾಗೆಂದು ಇಂಥ ಪುಸ್ತಕಗಳನ್ನೆಲ್ಲ ಒಲೆಗೆ ಹಾಕಿ ಎನ್ನುವವರ ಪಂಗಡಕ್ಕೂ ನಾನು ಸೇರಿದವನಲ್ಲ. ತೆಲುಗಿನಲ್ಲಿ ರಂಗನಾಯಕಮ್ಮನವರು ‘ತುಳಸಿದಳ’ವನ್ನು ಗಾಂಜಾ ದಮ್ಮೆಂದು ಜರೆದು ಬರೆದರು, ಆ ಜಗಳ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಅವರ ಆತಂಕ ನನಗೆ ಅರ್ಥವಾಗುತ್ತದೆ, ಆದರೆ ಅವರು ತಪ್ಪು ಪುಸ್ತಕಕ್ಕೆ ಹೊಡೆದರೆಂದೇ ನನ್ನ ಅಭಿಪ್ರಾಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ರಚಿಸಿದರು. ವಾಮಾಚಾರದ ವಿರುದ್ಧ ನಮ್ಮ ರಾಜ್ಯದಲ್ಲಿ 2017ರಲ್ಲಿ ಕಾಯಿದೆಯೂ ಬಂದಿತು. ಸಮಿತಿ ಕೇಳಿದ ಪ್ರಶ್ನೆಯನ್ನೇ, ‘ಬೇರೆ ಕಾರಣ ಇರಬಹುದೇ?’ ಎಂಬುದನ್ನು, ‘ತುಳಸಿದಳ’ ಮೈ ಜುಂ ಎನ್ನಿಸುತ್ತಲೇ ಕೇಳಿಸುತ್ತದೆ. ಆ ತರುಣನಿಗೆ ಅದನ್ನೇ ಕೊಟ್ಟಿದ್ದರೆ ಅವನು ಮುದುಕಿಯ ಬಾಗಿಲಿಗೆ ಹೋಗುತ್ತಿರಲಿಲ್ಲವೆಂದು ಹೇಳಲಾರೆ. ನನ್ನ ಬಾಯಿಯಾದರೂ ಕಟ್ಟುತ್ತಿರಲಿಲ್ಲ.

ಆದ್ದರಿಂದ ತಲೆಬರಹದ ಅಂಕಗಳೇ ನನ್ನ ಅಂತಿಮ ಅಂಕಗಳು. ಮರುಮೌಲ್ಯಮಾಪನ ಬೇಕೆನ್ನುವವರು ಸೇಡಂಗೆ ಬನ್ನಿ. ಬರುವಾಗ ನಿಮ್ಮಲ್ಲಿ ಯಾರ ಬಳಿ ನನ್ನ ‘ತುಳಸಿದಳ’ದ ಪ್ರತಿ ಉಳಿದಿದೆಯೋ, ದಯವಿಟ್ಟು ತನ್ನಿ. ‘ತುಳಸಿ’ಯ ಪ್ರತಿ ನಿಮ್ಮಲ್ಲಿಯೇ ಇರಲಿ.