ಸಿಂಹಳದ ಬಸ್ಸುಗಳು: ದೋಷವು ಯಾರದು?

ಸಿಂಹಳದ್ವೀಪವನ್ನು ಸಂದರ್ಶಿಸಿ ಬಂದವರು ಬರೆಯುವ ಪ್ರವಾಸಲೇಖನಗಳಲ್ಲಿ ಎರಡು ಮಾತುಗಳು ಪದೇ ಪದೇ ಕಂಡುಬರುವುವು. ಕೊಲಂಬೊದಿಂದ ಕ್ಯಾಂಡಿಗೆ ಹೋಗುವ ರೈಲುಮಾರ್ಗದ ಸೊಬಗಿನ ವರ್ಣನೆಯೊಂದು. ಅದೇ ಊರುಗಳ ನಡುವೆ ಓಡುವ ಬಸ್ಸುಗಳ ನಿಂದೆ ಮತ್ತೊಂದು. ಬಸ್ಸಿನ ಚಾಲಕರು ಉನ್ಮತ್ತರು, ಕಂಡಕ್ಟರುಗಳು ಒರಟರು, ಪ್ರಯಾಣಿಕನ ಜೀವಕ್ಕೆ ಅಲ್ಲಿ ಬೆಲೆಯಿಲ್ಲ, ಬುದ್ಧಿಯುಳ್ಳವನು ಬಾಡಿಗೆಯ ಕಾರನ್ನು ಗೊತ್ತುಮಾಡಿಕೊಳ್ಳತಕ್ಕದ್ದು ಎಂದು ಉಪದೇಶಿಸಿ ಲೇಖಕರು ಮುಂದಿನ ಅಧ್ಯಾಯಕ್ಕೆ ಸಾಗುವರು. ಬಾಡಿಗೆಯ ಕಾರು ಯಾರ ಕೈಗೆ ಎಟುಕದೋ ಆ ದ್ವೀಪದ ಲಕ್ಷಾಂತರ ಜನರ ಗತಿಯೇನೆಂಬ ಪ್ರಶ್ನೆ ಅವರನ್ನು ಬಾಧಿಸುವಂತೆ ತೋರದು. ಬಸ್ಸುಗಳ ಓಟವು ಭಯಂಕರವೆಂಬುದು ಸುಳ್ಳಲ್ಲ. ಆದರೆ ಅದಕ್ಕೆ ಚಾಲಕನ ಸ್ವಭಾವವೇ ಕಾರಣವೆಂಬುದು ವಿಚಾರಮಾಡದೆ ಆಡಿದ ಮಾತು. ಕಾರಣವನ್ನು ತಪ್ಪಾಗಿ ಗುರುತಿಸಿದವರಿಂದ ಪರಿಹಾರವೂ ತಪ್ಪಾಗಿಯೇ ಬರುವುದು.

ಕೊಲಂಬೊ ಕೋಟೆಗೆ ಹತ್ತಿಕೊಂಡ ಪೆಟ್ಟಾ ಎಂಬ ವ್ಯಾಪಾರಸ್ಥಳವು ದೂರದ ಊರುಗಳಿಗೆ ಹೊರಡುವ ಬಸ್ಸುಗಳ ನೆಲೆ. ಕನ್ನಡದ 'ಪೇಟೆ' ಎಂಬ ಶಬ್ದದ ಬಳಗಕ್ಕೇ ಸೇರಿದ ಹೆಸರದು. ಅಲ್ಲಿಂದ 1ನೆಯ ಸಂಖ್ಯೆಯ ಬಸ್ಸನ್ನು ಹತ್ತಿದರೆ ನಿಟ್ಟಂಬುವ, ವರಕಾಪೊಲ, ಕೇಗಲ್ಲ, ಮಾವನೆಲ್ಲ ಎಂಬ ಊರುಗಳನ್ನು ಹಾದು, ಕಡುಗನ್ನಾವೆಯ ಘಟ್ಟವನ್ನೇರಿ, ಸುಮಾರು 116 ಕಿಲೋಮೀಟರು ದೂರದ ಕ್ಯಾಂಡಿಯನ್ನು ಸೇರಬಹುದು. ಸಿಂಹಳರು ಕ್ಯಾಂಡಿಯನ್ನು ಮಹಾನುವರವೆನ್ನುವರು, 'ನುವರ'ವೆಂದರೆ ನಗರ. 1815ರಲ್ಲಿ ಆ ರಾಜ್ಯವು ಇಂಗ್ಲಿಷರ ವಶವಾದ ತರುವಾಯ, 1820ರ ದಶಕದಲ್ಲಿ ಗವರ್ನರ್ ಎಡ್ವರ್ಡ್ ಬಾರ್ನ್ಸನು ಈ ರಸ್ತೆಯನ್ನು ಮಾಡಿಸಿದನು. ನಿರ್ಮಾಣಕ್ಕೆ ದುಡಿದ ಕ್ಯಾಪ್ಟನ್ ಡಾಸನ್ ಎಂಬ ಎಂಜಿನಿಯರನ ಹೆಸರಿನಲ್ಲಿ ಕಡುಗನ್ನಾವೆಯಲ್ಲಿ ಒಂದು ಗೋಪುರವಿದೆ. 'ರಾಜಕಾರಿಯ'ವೆಂಬ ಬಿಟ್ಟಿಯ ಕಟ್ಟಳೆಗೆ ಒಳಪಟ್ಟು ಕಲ್ಲೊಡೆದು ಮಣ್ಣು ಹೊತ್ತವರ ಹೆಸರುಗಳು ಆ ಗೋಪುರದ ಮೇಲಿಲ್ಲ. ಪ್ರಜೆಗಳ ಬೆವರಿನಿಂದಾದ ಮಾರ್ಗದಲ್ಲಿ ಪ್ರಜೆಗಳು ನಿರ್ಭಯವಾಗಿ ಸಂಚರಿಸುವುದು ಅವರ ಹಕ್ಕು. ಅದು ಯಾರ ದಾಕ್ಷಿಣ್ಯವೂ ಅಲ್ಲ.

ಇನ್ನು ಓಟದ ಮೂಲಕ್ಕೆ ಬರಬೇಕು. ಈ ಮಾರ್ಗದಲ್ಲಿ ಸರಕಾರದ ಮಂಡಲಿಯ ಬಸ್ಸುಗಳೂ ಖಾಸಗಿಯವರ ಬಸ್ಸುಗಳೂ ಓಡುವುವು. ಖಾಸಗಿ ಬಸ್ಸುಗಳ ಒಡೆಯರಲ್ಲಿ ಒಂದೆರಡು ಬಂಡಿಗಳನ್ನು ಮಾತ್ರ ಇಟ್ಟುಕೊಂಡವರೇ ಬಹಳ. ಅವರ ಬಸ್ಸಿನ ಚಾಲಕನಿಗೂ ಕಂಡಕ್ಟರಿಗೂ ಸಾಮಾನ್ಯವಾಗಿ ನಿಶ್ಚಿತವಾದ ತಿಂಗಳ ಸಂಬಳವಿರುವುದಿಲ್ಲ. ದಿನದ ವಸೂಲಿಯಲ್ಲಿ ಒಡೆಯನ ಭಾಗವನ್ನು ಒಪ್ಪಿಸಿ, ಎಣ್ಣೆಯ ಖರ್ಚನ್ನು ಕಳೆದು, ಉಳಿದದ್ದರಲ್ಲಿ ಅವರಿಗೆ ಪಾಲು. ಹೀಗಿರಲಾಗಿ, ದಾರಿಯ ಬದಿಯಲ್ಲಿ ಕೈನೀಡಿ ನಿಂತ ಪ್ರತಿಯೊಬ್ಬನೂ ಅವರ ಮನೆಯ ಅಂದಿನ ಅಕ್ಕಿಯ ಒಂದು ಹಿಡಿ. ಹಿಂದಿನಿಂದ ಮತ್ತೊಂದು ಬಸ್ಸು ಕಾಣಿಸದಿರುವ ತನಕ ಇವರು ಜನರನ್ನು ತುಂಬಿಕೊಳ್ಳುತ್ತ ಆಮೆಯಂತೆ ತೆವಳುವರು. ಅದು ಕಾಣಿಸಿಕೊಂಡೊಡನೆ, ಮುಂದಿನ ನಿಲ್ದಾಣದ ಜನ ಅದರ ಪಾಲಾಗಬಾರದೆಂದು ತಿರುವೆನ್ನದೆ ಇಳಿಜಾರೆನ್ನದೆ ಹಾರುವರು. ತೆವಳುವುದೂ ಹಾರುವುದೂ ಒಂದೇ ಕಾರಣದ ಎರಡು ಕಾರ್ಯಗಳು. ಚಾಲಕನು ಸ್ವಭಾವತಃ ಉನ್ಮತ್ತನಾಗಿದ್ದರೆ ಅವನು ತೆವಳುವುದೇಕೆ?

ಇವರು ಧರ್ಮಭೀತಿಯಿಲ್ಲದವರೆಂದು ಹೇಳುವಂತೆಯೂ ಇಲ್ಲ. ಆ ಬಸ್ಸುಗಳಲ್ಲಿ ಮುಂದಿನ ಆಸನಗಳು ಭಿಕ್ಷುಗಳೇ ಮೊದಲಾದ ಧರ್ಮಗುರುಗಳಿಗೆ ಮೀಸಲು. ಭಿಕ್ಷುವೊಬ್ಬರು ಹತ್ತಿದರೆ ಕುಳಿತವನು ಎದ್ದು ಸ್ಥಳ ಬಿಡುವನು. ಕೊಲಂಬೊದಿಂದ ಗಾಲೆಗೆ ಹೋಗುವ ಕಡಲತೀರದ ರಸ್ತೆಯಲ್ಲಿ ಕಳುತರದ ಬೋಧಿವೃಕ್ಷದ ಬಳಿ ವಾಹನಗಳನ್ನು ನಿಲ್ಲಿಸಿ ಹುಂಡಿಗೆ ಕಾಸು ಹಾಕಿ ಕೈಮುಗಿದು ಮುಂದೆ ಸಾಗುವುದು ಅಲ್ಲಿಯ ರೂಢಿ. ಇಷ್ಟು ಶ್ರದ್ಧೆಯುಳ್ಳವನು ಮರುನಿಮಿಷದಲ್ಲಿಯೇ ಐವತ್ತು ಜೀವಗಳನ್ನು ಪಣಕ್ಕೊಡ್ಡಬೇಕಾದರೆ, ಅವನನ್ನು ಹಾಗೆ ಮಾಡಿಸುವ ಶಕ್ತಿಯೊಂದು ಹೊರಗಿರಲೇಬೇಕು.

ಇದಕ್ಕೆ ಪ್ರತ್ಯಕ್ಷ ಪ್ರಮಾಣವು ಅದೇ ದ್ವೀಪದಲ್ಲಿದೆ. 2011ರ ನವೆಂಬರಿನಲ್ಲಿ ಕೊಲಂಬೊದ ನೆರೆಯ ಕೊಟ್ಟಾವದಿಂದ ಗಾಲೆಯವರೆಗೆ ದಕ್ಷಿಣದ ವೇಗಮಾರ್ಗವು ತೆರೆಯಿತು. ಆ ಮಾರ್ಗದ ಬಸ್ಸುಗಳಲ್ಲಿ ಆಸನವಿದ್ದಷ್ಟೇ ಜನ. ನಡುವೆ ಕೈನೀಡಿ ಹತ್ತುವವರಿಲ್ಲ. ಆದುದರಿಂದ ಪ್ರಯಾಣಿಕನನ್ನು ಕಸಿದುಕೊಳ್ಳುವ ಪಂದ್ಯಕ್ಕೆ ಅಲ್ಲಿ ಎಡೆಯೇ ಇಲ್ಲ. ಚಾಲಕರು ಅದೇ ನಾಡಿನವರು, ಬದಲಾದದ್ದು ಏರ್ಪಾಡು.

ಇತಿಹಾಸವೂ ಇದನ್ನೇ ಸಾರುವುದು. ಹಿಂದೆ ಸಿಂಹಳದಲ್ಲಿ ಒಂದೇ ದಾರಿಯಲ್ಲಿ ಹಲವು ಬಸ್ಸುಗಳವರು ಹೊಡೆದಾಡುತ್ತಿದ್ದುದನ್ನು ನಿಲ್ಲಿಸುವುದಕ್ಕಾಗಿಯೇ 1942ರಲ್ಲಿ ಮಾರ್ಗಗಳಿಗೆ ಪರವಾನಗಿ ಕೊಡುವ ಕಾನೂನು ಬಂದಿತು. 1958ರ ಜನವರಿ 1ರಂದು ಬಂಡಾರನಾಯಕೆಯವರ ಸರಕಾರವು ಖಾಸಗಿ ಕಂಪೆನಿಗಳ ಬಸ್ಸುಗಳನ್ನು ವಹಿಸಿಕೊಂಡು ಸಿಲೋನ್ ಸಾರಿಗೆ ಮಂಡಲಿಯನ್ನು ನಡೆಸತೊಡಗಿತು. 1978ರಲ್ಲಿ ಆ ಮಂಡಲಿಯನ್ನು ಪ್ರಾಂತಮಂಡಲಿಗಳಾಗಿ ಒಡೆದರು. 1979ರಲ್ಲಿ ಖಾಸಗಿ ಬಸ್ಸುಗಳಿಗೆ ಮತ್ತೆ ಬಾಗಿಲು ತೆರೆದರು. 1942ರ ಕಾನೂನು ಯಾವ ರೋಗಕ್ಕೆ ಔಷಧವಾಗಿ ಹುಟ್ಟಿತೋ ಆ ರೋಗವು ಬಾಗಿಲು ತೆರೆದೊಡನೆ ಒಳಗೆ ಬಂದಿತು.

ಇಲ್ಲಿ ಪೂರ್ವಪಕ್ಷದವರು ಹೇಳುವ ಮಾತುಂಟು: "ಸ್ಪರ್ಧೆಯಿಂದ ಬೆಲೆ ಇಳಿಯುವುದು, ಗುಣ ಹೆಚ್ಚುವುದು, ಸ್ಪರ್ಧೆಯಿಲ್ಲದೆಡೆ ಸೋಮಾರಿತನ ಬೆಳೆಯುವುದು." ಬಟ್ಟೆಯ ಅಂಗಡಿಯ ವಿಷಯದಲ್ಲಿ ಇದು ಒಪ್ಪತಕ್ಕ ಮಾತು. ಅಲ್ಲಿ ಗಿರಾಕಿಯು ನಾಲ್ಕು ಅಂಗಡಿಗಳನ್ನು ಹೊಕ್ಕು ನೂಲನ್ನು ಮುಟ್ಟಿ ನೋಡಿ ಆರಿಸಿಕೊಳ್ಳುವನು. ಕೇಗಲ್ಲದ ದಾರಿಯಲ್ಲಿ ಮಳೆಯಲ್ಲಿ ನೆನೆಯುತ್ತ ಮಗುವನ್ನೆತ್ತಿಕೊಂಡು ನಿಂತ ತಾಯಿಯು ಯಾವ ಚಾಲಕನು ಜಾಣ, ಯಾವ ಬಸ್ಸಿನ ಬ್ರೇಕು ಗಟ್ಟಿ ಎಂದು ಪರೀಕ್ಷಿಸಿ ಹತ್ತಬಲ್ಲಳೆ? ಮೊದಲು ಬಂದದ್ದನ್ನು ಹತ್ತುವಳು. ಟಿಕೆಟ್ಟಿನ ದರವು ಸರಕಾರದಿಂದಲೇ ಗೊತ್ತಾಗಿರುವುದರಿಂದ ಬೆಲೆಯಲ್ಲಿ ಸ್ಪರ್ಧೆಯಿಲ್ಲ. ಆರಿಸುವವರಿಲ್ಲದುದರಿಂದ ಗುಣದಲ್ಲಿಯೂ ಇಲ್ಲ. ಉಳಿದದ್ದು ಮೊದಲು ಮುಟ್ಟುವ ಸ್ಪರ್ಧೆಯೊಂದೇ.

"ಹಾಗಾದರೆ ಎಲ್ಲವೂ ಸರಕಾರದ ಕೈಯಲ್ಲಿದ್ದರೆ ಸಾಕಷ್ಟೆ?" ಎಂದು ಕೆಲವರು ಕೇಳಬಹುದು. ಅದೂ ಸಾಲದು. 2025ರ ಮೇ 11ರಂದು ಕತರಗಾಮದಿಂದ ಕುರುನೇಗಲಕ್ಕೆ ಹೊರಟ ಬಸ್ಸು ಕೊತ್ಮಲೆಯ ಗರಂಡಿಎಲ್ಲದಲ್ಲಿ ಪ್ರಪಾತಕ್ಕೆ ಉರುಳಿ ಇಪ್ಪತ್ತಕ್ಕಿಂತ ಹೆಚ್ಚು ಜನ ಮಡಿದರು. ಅದು ಸರಕಾರಿ ಮಂಡಲಿಯ ಬಸ್ಸು. ಅದರಲ್ಲಿ ಆಸನಗಳಿಗಿಂತ ಬಹಳ ಹೆಚ್ಚು ಜನರಿದ್ದರು. 1979ಕ್ಕೆ ಮುಂಚೆ ಬಸ್ಸುಗಳ ಅಭಾವದಿಂದ ಜನ ಬಾಗಿಲಿಗೆ ಜೋತುಬಿದ್ದು ಹೋಗುತ್ತಿದ್ದುದನ್ನೂ ಮರೆಯಲಾಗದು. ಬಸ್ಸುಗಳು ಸಾಲದಿದ್ದರೆ ಬಸ್ಸುಗಳನ್ನು ಹೆಚ್ಚಿಸಬೇಕಾಗಿತ್ತು. ಅದಕ್ಕೆ ಬದಲಾಗಿ ಬಸ್ಸುಗಳನ್ನು ಒಂದಕ್ಕೊಂದು ಕಾದಾಡಲು ಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಯಿತು. ಜೊತೆಗೆ ಶಾಲಾಬಾಲಕರಿಗೆ ಸೋಡಿಯ ದರದ ತಿಂಗಳ ಚೀಟಿ, ಲಾಭವಿಲ್ಲದ ಹಳ್ಳಿಯ ದಾರಿ, ಇವೆಲ್ಲ ಮಂಡಲಿಯ ಹೆಗಲಿಗೆ ಬಿದ್ದುವು; ಲಾಭದ ದಾರಿಯಲ್ಲಿ ಮಾತ್ರ ಪಾಲುಗಾರರು ಹೆಚ್ಚಿದರು. ಆಮೇಲೆ ಮಂಡಲಿಗೆ ನಷ್ಟವಾಯಿತೆಂದು ಹಳಿಯುವುದು ಯಾವ ನ್ಯಾಯ?

ಆದುದರಿಂದ ಒಡೆತನದ ಜಗಳವನ್ನು ಬದಿಗಿಟ್ಟು ಎರಡು ವಿಷಯಗಳನ್ನು ಸಾಧಿಸಬೇಕಾಗಿದೆ. ಮೊದಲನೆಯದು, ಒಂದು ಮಾರ್ಗಕ್ಕೆ ಒಂದೇ ವೇಳಾಪಟ್ಟಿ. 2025ರ ಆಗಸ್ಟಿನಲ್ಲಿ ಸರಕಾರಿ ಮತ್ತು ಖಾಸಗಿ ಬಸ್ಸುಗಳೆರಡಕ್ಕೂ ಅನ್ವಯಿಸುವ ಸಂಯುಕ್ತ ವೇಳಾಪಟ್ಟಿಯನ್ನು ದೂರಮಾರ್ಗಗಳಲ್ಲಿ ಜಾರಿಗೆ ತರಹೊರಟಾಗ ಸರಕಾರಿ ಮಂಡಲಿಯ ನೌಕರಸಂಘಗಳೇ ಮುಷ್ಕರ ಹೂಡಿದುವು. ನೌಕರರ ಅಹವಾಲುಗಳನ್ನು ಕೇಳುವುದು ಸರಕಾರದ ಕರ್ತವ್ಯ. ಆದರೆ ಸರದಿಯಂತೆ ಹೊರಡುವುದನ್ನೇ ವಿರೋಧಿಸುವ ಸಂಘವು, ಸರದಿ ತಪ್ಪಿದಾಗ ಸಾಯುವವರಲ್ಲಿ ತನ್ನ ಚಾಲಕನೂ ಒಬ್ಬನೆಂಬುದನ್ನು ಮರೆತಿದೆ. ಎರಡನೆಯದು, ಚಾಲಕನಿಗೂ ಕಂಡಕ್ಟರಿಗೂ ವಸೂಲಿಯೊಡನೆ ಸಂಬಂಧವಿಲ್ಲದ ನಿಶ್ಚಿತ ವೇತನ. ಇದಿಲ್ಲದೆ ಅದು ಫಲಿಸದು. ಗಡಿಯಾರ ನೋಡಿ ಹೊರಟ ಬಸ್ಸೂ ಹೊಟ್ಟೆಯ ಪಾಲು ದಾರಿಯಲ್ಲಿ ನಿಂತಿದ್ದರೆ ದಾರಿಯಲ್ಲಿಯೇ ಪಂದ್ಯಕ್ಕಿಳಿಯುವುದು. ಒಡೆಯರು ಒಂದು ಮಾರ್ಗದ ವಸೂಲಿಯನ್ನೆಲ್ಲ ಒಂದೆಡೆ ಕೂಡಿಸಿ, ಓಡಿದ ದೂರಕ್ಕೆ ತಕ್ಕಂತೆ ಹಂಚಿಕೊಂಡರೆ ಈ ವೇತನವು ಸಾಧ್ಯವೂ ಹೌದು. ಅಂತರಪ್ರಾಂತ ಬಸ್ಸುಗಳಿಗೆ ಪರವಾನಗಿ ಕೊಡುವ ರಾಷ್ಟ್ರೀಯ ಸಾರಿಗೆ ಆಯೋಗವು 1991ರ ಕಾನೂನಿನಿಂದ ಹುಟ್ಟಿದ್ದು. ಇದನ್ನು ಪರವಾನಗಿಯ ನಿಬಂಧನೆಯಾಗಿ ಮಾಡಿಸುವುದಕ್ಕೆ ಬೇಕಾದದ್ದು ಮನಸ್ಸು.

ಚಾಲಕನನ್ನು ದಂಡಿಸಬಾರದೆಂದು ಇದರ ತಾತ್ಪರ್ಯವಲ್ಲ. ತಪ್ಪು ಮಾಡಿದವನಿಗೆ ದಂಡನೆ ಇರಲಿ. ಆದರೆ ದಂಡನೆಗೊಳಗಾದವನ ಜಾಗದಲ್ಲಿ ಮರುದಿನ ಕುಳಿತವನೂ ಅದೇ ಪಾಲಿನ ಮೇಲೆ ದುಡಿಯಬೇಕಾಗಿದ್ದರೆ ಅವನೂ ಹಾಗೆಯೇ ಓಡಿಸುವನು. ಮುಂದೆ ಆ ದ್ವೀಪಕ್ಕೆ ಹೋಗಿಬರುವ ಲೇಖಕರು ಕಡುಗನ್ನಾವೆಯ ತಿರುವಿನಲ್ಲಿ ತಮ್ಮ ಎದೆ ನಡುಗಿದ್ದನ್ನು ಬರೆಯುವುದರೊಡನೆ, ಬಸ್ಸಿನ ಚಾಲಕನಿಗೆ ದಿನದ ಕೂಲಿ ಹೇಗೆ ಗೊತ್ತಾಗಿದೆಯೆಂಬುದನ್ನೂ ಕೇಳಿ ತಿಳಿದು ಬರೆಯಲಿ. ಆ ಒಂದು ಪ್ರಶ್ನೆಯಿಂದ ವಾಚಕರಿಗೆ ನಿಜವು ತಿಳಿಯುವುದು. ಇಲ್ಲಿಯವರೆಗಿನ ನಿಂದೆಯಿಂದ ಯಾರ ಜೀವವೂ ಉಳಿದಿಲ್ಲ.