ಸಿನಿಮಾ ವಿದೇಶಿ, ನಟಿ ಸ್ವದೇಶಿ!

2020ರ ಜನವರಿಯಲ್ಲಿ ನಡೆದ ಗೋಲ್ಡನ್ ಗ್ಲೋಬ್ ಪ್ರಶಸ್ತಿ ಸಮಾರಂಭದಲ್ಲಿ ಒಂದು ವಿಚಿತ್ರ ನಡೆಯಿತು. ಲುಲು ವಾಂಗ್ ನಿರ್ದೇಶನದ ‘ದಿ ಫೇರ್‌ವೆಲ್’ ಚಿತ್ರದ ಅಭಿನಯಕ್ಕಾಗಿ ಆಕ್ವಾಫಿನಾ ಅತ್ಯುತ್ತಮ ನಟಿ (ಹಾಸ್ಯ ಅಥವಾ ಸಂಗೀತ ಚಿತ್ರ) ಪ್ರಶಸ್ತಿ ಗೆದ್ದರು. ಆದರೆ ಅದೇ ಸಿನಿಮಾ ಸ್ಪರ್ಧಿಸಿದ್ದು ‘ವಿದೇಶಿ ಭಾಷೆ’ ವಿಭಾಗದಲ್ಲಿ! ನಿರ್ದೇಶಕಿ ಆರನೇ ವಯಸ್ಸಿನಿಂದ ಬೆಳೆದದ್ದು ಅಮೆರಿಕದಲ್ಲಿ, ನಟಿ ಹುಟ್ಟಿದ್ದೇ ನ್ಯೂಯಾರ್ಕ್‌ನಲ್ಲಿ. ಸಂಭಾಷಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮ್ಯಾಂಡರಿನ್ ಇತ್ತೆಂಬ ಒಂದೇ ಕಾರಣಕ್ಕೆ ಸಿನಿಮಾ ಹೊರಗಿನದಾಯಿತು.

ಅಮೆರಿಕದಲ್ಲಿ ನೆಲೆಸಿದ ಚೀನಾ ಮೂಲದವರ ಇಕ್ಕಟ್ಟು ಇಲ್ಲೇ ಇದೆ ಎಂದು ನನಗನಿಸುತ್ತದೆ. ‘ನೀವು ನಮ್ಮವರೇ, ಆದರೆ ನಿಮ್ಮ ಭಾಷೆಯನ್ನು ಮನೆಯಲ್ಲಿ ಬಿಟ್ಟು ಬನ್ನಿ’ ಎಂಬುದು ಅಲ್ಲಿನ ಅಲಿಖಿತ ಷರತ್ತು.

ಹಿಂದೆ ಷರತ್ತು ಬರಹದಲ್ಲೇ ಇತ್ತು. 1882ರ ಕಾಯ್ದೆ ಚೀನೀ ಕಾರ್ಮಿಕರಿಗೆ ಅಮೆರಿಕದ ಬಾಗಿಲು ಮುಚ್ಚಿತು. ಅದು ರದ್ದಾದದ್ದು 1943ರಲ್ಲಿ. ಹಾಲಿವುಡ್ ಕೂಡ ಹಿಂದೆ ಬೀಳಲಿಲ್ಲ. 1937ರ ‘ದಿ ಗುಡ್ ಅರ್ಥ್’ ಚಿತ್ರದಲ್ಲಿ ಚೀನೀ ರೈತನ ಹೆಂಡತಿಯಾಗಿ ನಟಿಸಿ ಆಸ್ಕರ್ ಗೆದ್ದವರು ಜರ್ಮನಿಯಲ್ಲಿ ಹುಟ್ಟಿದ ಲೂಯಿಸ್ ರೈನರ್. ಆ ಪಾತ್ರವನ್ನು ಬಯಸಿದ್ದ, ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿದ ಚೀನಾ ಮೂಲದ ತಾರೆ ಆನಾ ಮೇ ವಾಂಗ್‌ಗೆ ಅದು ಸಿಗಲಿಲ್ಲ.

ಈಗ ಕ್ಯಾಮೆರಾ ಅವರ ಕೈಗೇ ಬಂದಿದೆ. ‘ದಿ ಫೇರ್‌ವೆಲ್’ನಲ್ಲಿ ಅಜ್ಜಿಗೆ ಕ್ಯಾನ್ಸರ್. ಮನೆಯವರು ಅದನ್ನು ಆಕೆಗೆ ತಿಳಿಸದೆ, ಮೊಮ್ಮಗನ ಮದುವೆಯ ನೆಪದಲ್ಲಿ ಚೀನಾದ ಚಾಂಗ್‌ಚುನ್‌ನಲ್ಲಿ ಸೇರುತ್ತಾರೆ. ನ್ಯೂಯಾರ್ಕ್‌ನಿಂದ ಬಂದ ಮೊಮ್ಮಗಳು ಬಿಲ್ಲಿಗೆ ಹೀಗೆ ಮುಚ್ಚಿಡುವುದು ತಪ್ಪೆನಿಸುತ್ತದೆ. ವ್ಯಕ್ತಿಯ ಬದುಕು ಅವನೊಬ್ಬನದಲ್ಲ, ಇಡೀ ಕುಟುಂಬದ್ದು ಎಂದು ದೊಡ್ಡಪ್ಪ ತಿಳಿಹೇಳುತ್ತಾನೆ. ನಮ್ಮ ಮನೆಗಳಲ್ಲೂ ಹಿರಿಯರು ಅವನ ಪಕ್ಷವನ್ನೇ ವಹಿಸಿಯಾರು. ಅಮೆರಿಕದಲ್ಲಿ ಚೀನೀ ಎನಿಸಿಕೊಂಡ ಬಿಲ್ಲಿ, ಚೀನಾದಲ್ಲಿ ತಡವರಿಸುವ ಮ್ಯಾಂಡರಿನ್‌ನಿಂದಾಗಿ ಅಮೆರಿಕದವಳಾಗುತ್ತಾಳೆ.

2023ರ ಆಸ್ಕರ್ ಸಮಾರಂಭದಲ್ಲಿ ನಾವೆಲ್ಲ ‘ನಾಟು ನಾಟು’ ಗೆದ್ದ ಸಂಭ್ರಮದಲ್ಲಿದ್ದೆವು. ಅಂದು ಏಳು ಆಸ್ಕರ್ ಬಾಚಿಕೊಂಡದ್ದು ‘ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್’. ಅದರ ನಾಯಕಿ ಲಾಂಡ್ರಿ ನಡೆಸುವ ಎವೆಲಿನ್. ಗಂಡನೊಂದಿಗೆ ಮ್ಯಾಂಡರಿನ್, ಅಪ್ಪನೊಂದಿಗೆ ಕ್ಯಾಂಟನೀಸ್, ಮಗಳೊಂದಿಗೆ ಇಂಗ್ಲಿಷ್ ಆಡುತ್ತಾಳೆ. ತನ್ನ ಪ್ರೇಯಸಿಯನ್ನು ತಾತನಿಗೆ ಪರಿಚಯಿಸಲು ಮಗಳಿಗೆ ಚೀನೀ ಪದ ಸಿಗುವುದಿಲ್ಲ. ಅಮ್ಮ ನಡುವೆ ಬಾಯಿ ಹಾಕಿ ‘ಒಳ್ಳೆಯ ಗೆಳತಿ’ ಎಂದುಬಿಡುತ್ತಾಳೆ. ಒಂದೇ ಮನೆಯಲ್ಲಿ ಮೂರು ತಲೆಮಾರು ಹೀಗೆ ದೂರವಾಗುತ್ತವೆ.

ಪ್ರಶಸ್ತಿ ಬಂದ ಮಾತ್ರಕ್ಕೆ ಬೀದಿ ಬದಲಾಗದು. ಕೋವಿಡ್ ಸಮಯದಲ್ಲಿ ಏಷ್ಯಾ ಮೂಲದವರ ಮೇಲೆ ಹಲ್ಲೆಗಳು ಹೆಚ್ಚಿದಾಗ, 2021ರಲ್ಲಿ ಅಮೆರಿಕ ದ್ವೇಷಾಪರಾಧ ತಡೆಗೆ ಕಾಯ್ದೆಯನ್ನೇ ತರಬೇಕಾಯಿತು. ಅದೇ ವರ್ಷ ಗೋಲ್ಡನ್ ಗ್ಲೋಬ್ ಕೂಡ ನಿಯಮ ಬದಲಿಸಿ, ಇಂಗ್ಲಿಷೇತರ ಚಿತ್ರಗಳಿಗೂ ಅತ್ಯುತ್ತಮ ಚಿತ್ರದ ಸ್ಪರ್ಧೆಗೆ ಅವಕಾಶ ಕೊಟ್ಟಿತು. ಎಂಜಿನಿಯರಿಂಗ್ ಓದುವ ನಾನು ಇದನ್ನು ಹೀಗೆ ನೋಡುತ್ತೇನೆ: ಬಳಸುವವರು ಪದೇ ಪದೇ ಎಡವುತ್ತಿದ್ದರೆ ದೋಷವನ್ನು ವಿನ್ಯಾಸದಲ್ಲಿ ಹುಡುಕಬೇಕು. ‘ಅವರು ಹೊಂದಿಕೊಳ್ಳುವುದಿಲ್ಲ’ ಎಂದು ದೂರುವ ಮೊದಲು, ಹೊಂದಿಕೊಳ್ಳಲು ನಾವು ಇಟ್ಟಿರುವ ಷರತ್ತೇನು ಎಂದು ಕೇಳಿಕೊಳ್ಳಬೇಕು.

ಗೆಳೆಯರೇ, ನಮ್ಮಲ್ಲಿ ಅನೇಕರು ಎಂಎಸ್ ಕನಸು ಹೊತ್ತು ಅದೇ ದೇಶಕ್ಕೆ ಹೊರಟವರು. ಅಲ್ಲಿ ನಮ್ಮನ್ನು ಹೊರಗಿನವರಂತೆ ಕಂಡರೆ ನೋವಾಗುವುದು ಸಹಜ. ಆದರೆ ಕೋವಿಡ್ ಸಮಯದಲ್ಲಿ ನಮ್ಮದೇ ದೇಶದ ನಗರಗಳಲ್ಲಿ ಈಶಾನ್ಯ ರಾಜ್ಯಗಳ ವಿದ್ಯಾರ್ಥಿಗಳನ್ನು ಮುಖ ನೋಡಿ ‘ಚೀನೀ’ ಎಂದು ಹಂಗಿಸಿದ್ದನ್ನು ಮರೆಯಬಾರದು. ವೀಸಾ ಸಂದರ್ಶನಕ್ಕೆ ತಯಾರಾಗುವ ಮುನ್ನ, ನಮ್ಮ ಹಾಸ್ಟೆಲಿನ ಪಕ್ಕದ ಕೋಣೆಯವರನ್ನು ನಾವು ಏನೆಂದು ಕರೆಯುತ್ತೇವೆ ಎಂಬುದನ್ನು ಒಮ್ಮೆ ಯೋಚಿಸೋಣ.