ಕರ್ಚೀಫು ಹಾಕಿದ ಕುರ್ಚಿ

ಸೆಮಿಸ್ಟರ್ ಪರೀಕ್ಷೆ ಹತ್ತಿರವಾದಾಗ ಯಾವುದಾದರೂ ಕಾಲೇಜಿನ ಲೈಬ್ರರಿಗೆ ಹೋಗಿ ನೋಡಿ. ಎಷ್ಟೋ ಕುರ್ಚಿಗಳಲ್ಲಿ ಮನುಷ್ಯರಿರುವುದಿಲ್ಲ. ನೋಟ್‌ಬುಕ್ಕು, ನೀರಿನ ಬಾಟಲಿ, ಸ್ವೆಟರ್ ಇರುತ್ತವೆ. ಕೆಂಪು ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವ ವಿದ್ಯೆಯೇ ಇಲ್ಲಿಗೂ ಬಂದಿದೆ. ಬಸ್ಸಿನಲ್ಲಾದರೆ ಕರ್ಚೀಫಿನ ಯಜಮಾನ ಎರಡು ನಿಮಿಷದಲ್ಲಿ ಬಂದು ಕೂರುತ್ತಾನೆ. ಲೈಬ್ರರಿಯಲ್ಲಿ ಕ್ಯಾಂಟೀನಿಗೆಂದು ಎದ್ದವನು ಊಟ ಮುಗಿಸಿಯೇ ಬರುವುದು.

ಇದಕ್ಕೆ ಈಗ ಹೇಳುವ ಮದ್ದು ಆನ್‌ಲೈನ್ ಬುಕಿಂಗ್. ಹೊರದೇಶಗಳ ಅನೇಕ ವಿಶ್ವವಿದ್ಯಾಲಯಗಳಲ್ಲಿ ಇದು ರೂಢಿ. ನಾಲ್ಕು ಜನ ಕೂತು ಪ್ರಾಜೆಕ್ಟ್ ಚರ್ಚಿಸುವ ಕೋಣೆಗೆ ಇದು ಬೇಕೇ ಬೇಕು. ಒಂಟಿ ಕುರ್ಚಿಯ ವಿಷಯದಲ್ಲಿ ಮಾತ್ರ ನನಗೆ ಅನುಮಾನ. ಬುಕ್ ಮಾಡಿ ಬಾರದವನು ಹಾಸಿದ್ದೂ ಕರ್ಚೀಫೇ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಕಾಲು ಗಂಟೆಯೊಳಗೆ ಬಾರದಿದ್ದರೆ ಸೀಟು ಬೇರೆಯವರಿಗೆ ಎಂಬ ನಿಯಮವಿಲ್ಲದೆ ಇದು ನಡೆಯದು. ಜೊತೆಗೆ ಒಂದಿಷ್ಟು ಸೀಟು ಬುಕಿಂಗ್ ಇಲ್ಲದೆ ಬರುವವರಿಗೂ ಇರಬೇಕು. ಹಳ್ಳಿಯಿಂದ ಬಸ್ಸು ಹಿಡಿದು ಬರುವ ಹುಡುಗಿ ತಾನು ಎಷ್ಟು ಹೊತ್ತಿಗೆ ತಲುಪುತ್ತೇನೆಂದು ಹಿಂದಿನ ರಾತ್ರಿಯೇ ಹೇಗೆ ಹೇಳಿಯಾಳು?

ಅಷ್ಟಕ್ಕೂ ಸೀಟಿನ ಬರ ಹುಟ್ಟಿದ್ದು ಕುರ್ಚಿಯ ಕೊರತೆಯಿಂದ ಮಾತ್ರವಲ್ಲ, ಬೀಗದಿಂದ. ಕ್ಲಾಸು ನಡೆಯುವಾಗ ತೆರೆದಿದ್ದು, ಕ್ಲಾಸು ಮುಗಿಯುತ್ತಲೇ ಮುಚ್ಚುವ ಲೈಬ್ರರಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಬ್ಯಾಗು ಹೊರಗಿಡಿ, ಸ್ವಂತ ಪುಸ್ತಕ ಒಳಗೆ ತರಬೇಡಿ ಎಂಬ ಬೋರ್ಡು ಬೇರೆ. ತನ್ನ ನೋಟ್ಸನ್ನೇ ಓದಬೇಕಾದವನು ಎಲ್ಲಿಗೆ ಹೋಗಬೇಕು? ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಹೋಗಿ ನೋಡಿದರೆ ಉತ್ತರ ಸಿಗುತ್ತದೆ. ಪ್ಲೈವುಡ್ಡಿನ ಕ್ಯಾಬಿನ್ನು, ಒಂದು ಪ್ಲಗ್ ಪಾಯಿಂಟು, ವೈಫೈ, ತಿಂಗಳ ಬಾಡಿಗೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದುವ ಮಕ್ಕಳಿಂದ ತುಂಬಿದ ಇಂಥ ಕೆಲವು ರೀಡಿಂಗ್ ರೂಮುಗಳಲ್ಲಿ ಮಾಲೀಕ ಇಟ್ಟ ಪುಸ್ತಕ ಒಂದೂ ಇರುವುದಿಲ್ಲ. ಅವನು ಮಾರುವುದು ಬೆಳಕು, ಮೌನ ಮತ್ತು ಬೇಗ ಬೀಳದ ಬೀಗ. ಪಿಜಿಯ ಒಂದು ಕೋಣೆಯಲ್ಲಿ ಮೂವರ ಜೊತೆ ಇರುವವರಿಗೆ ಅದೇ ದೊಡ್ಡ ವರ.

ಈ ಬೀಗದ ಪ್ರಶ್ನೆ ಹೊಸದೇನಲ್ಲ. ಎಸ್.ಆರ್. ರಂಗನಾಥನ್ 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದವರು. ಬೆಂಗಳೂರಿನಲ್ಲಿ 1962ರಲ್ಲಿ ಡಿಆರ್‌ಟಿಸಿ ಎಂಬ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದವರು. ಗ್ರಂಥಾಲಯಗಳಿಗೆ ಅವರು ಹೇಳಿದ ಪಂಚಸೂತ್ರಗಳ ಪುಸ್ತಕ ಬಂದದ್ದು 1931ರಲ್ಲಿ. ಪುಸ್ತಕ ಇರುವುದು ಬಳಕೆಗೆ ಎಂಬ ಮೊದಲ ಸೂತ್ರವನ್ನು ವಿವರಿಸುವಾಗಲೇ ಅವರು ಲೈಬ್ರರಿ ಎಲ್ಲಿರಬೇಕು, ಎಷ್ಟು ಹೊತ್ತು ತೆರೆದಿರಬೇಕು, ಕುರ್ಚಿ ಮೇಜು ಹೇಗಿರಬೇಕು ಎಂದೆಲ್ಲ ಚರ್ಚಿಸಿದ್ದಾರೆ. ನಮ್ಮ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳು ಐದೂ ಸೂತ್ರಗಳನ್ನು ಬಾಯಿಪಾಠ ಮಾಡಿಯೇ ಪಾಸಾಗುತ್ತಾರೆ. ಬೇಗ ಬಾಗಿಲು ಹಾಕುವುದಕ್ಕೆ ಗ್ರಂಥಪಾಲಕರನ್ನೇ ದೂರುವುದೂ ತಪ್ಪು. ಎಷ್ಟೋ ಕಾಲೇಜುಗಳಲ್ಲಿ ಆ ಹುದ್ದೆಯೇ ಖಾಲಿ. ಇರುವ ಒಬ್ಬರು ರಾತ್ರಿ ಒಂಬತ್ತರವರೆಗೆ ಕೂರಲಿ ಎನ್ನಲು ಯಾವ ಬಾಯಿ?

ಹೊಸ ಕಟ್ಟಡ ಕಟ್ಟಿ ಎಂದು ನಾನು ಕೇಳುತ್ತಿಲ್ಲ. ಸಂಜೆಯಾದರೆ ಖಾಲಿ ಬೀಳುವ ತರಗತಿ ಕೋಣೆಗಳಲ್ಲಿ ಬೆಂಚು, ಫ್ಯಾನು, ಲೈಟು ಎಲ್ಲವೂ ಇವೆ. ಪರೀಕ್ಷೆಯ ತಿಂಗಳಾದರೂ ಅಂಥ ನಾಲ್ಕು ಕೋಣೆ ತೆರೆದಿಟ್ಟು, ಸಂಬಳ ಕೊಟ್ಟು ಒಬ್ಬ ಕಾವಲುಗಾರನನ್ನು ಕೂರಿಸಬಹುದು. ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಗೇಟು ಆ ತಿಂಗಳ ಮಟ್ಟಿಗೆ ಒಂದು ಗಂಟೆ ತಡವಾಗಿ ಹಾಕಿದರೆ ಅವರೂ ಬಂದು ಓದುತ್ತಾರೆ. ಆಮೇಲೂ ಸೀಟು ಸಾಲದಿದ್ದರೆ ಬುಕಿಂಗ್ ಆ್ಯಪಿಗೆ ಟೆಂಡರ್ ಕರೆಯಲಿ.